ತಾರಸಿಯ ಮೇಲಿನ ದ್ರಾಕ್ಷಿ ಬೀಜ

ನಮ್ಮ ಬೀದಿಯಲ್ಲಿ ಯಾರೂ ಯಾರ ಮನೆಯ ಸಂಬಂಧಕ್ಕೂ ಕಲ್ಲು ಹಾಕಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದನ್ನು ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ತುಮಕೂರಿನ ಗುಬ್ಬಿ ಗೇಟಿನ ಹತ್ತಿರ, ಎದುರುಬದುರಾಗಿ ಹದಿನಾಲ್ಕು ಮನೆಗಳಿರುವ ಬೀದಿ ನಮ್ಮದು. ಹದಿನಾಲ್ಕು ಮನೆಯವರೂ ಒಳ್ಳೆಯವರು. ಅವರಲ್ಲಿ ನಾನೂ ಒಬ್ಬ, ಅನಂತರಾಜು ಅಂತ. ಭಾನುಪ್ರಕಾಶರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಕಾಂಪೌಂಡ್ ಗೋಡೆ, ಅದೂ ಎದೆಮಟ್ಟದ್ದು. ಹಾಗಾಗಿ ಅವರ ಮನೆಯ ವಿಚಾರ ನನಗೆ ತಿಳಿಯುವುದು ನನ್ನ ಆಸೆಯಲ್ಲ, ಗೋಡೆ ಕಟ್ಟಿದ ಮೇಸ್ತ್ರಿಯ ತಪ್ಪು.

ಭಾನುಪ್ರಕಾಶ್ ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ವಯಸ್ಸು ಐವತ್ಮೂರು. ಹುಟ್ಟಿದ ಊರು ಕಡಬ, ಅಲ್ಲಿ ಅಣ್ಣಂದಿರ ಜೊತೆ ಪಾಲಿನಲ್ಲಿ ನಲವತ್ತು ತೆಂಗಿನ ಮರ. ಇಪ್ಪತ್ತೆಂಟು ವರ್ಷ ದಿನಾ ಬಸ್ಸಿನ ಕಿಟಕಿ ಪಕ್ಕ ಬಿಸಿಲಿಗೆ ಮುಖ ಕೊಟ್ಟು ಗುಬ್ಬಿಗೆ ಹೋಗಿ ಬಂದವರು. ಆ ಮುಖದಲ್ಲಿ ಅಷ್ಟೂ ವರ್ಷದ ಬಿಸಿಲು ಉಳಿದುಕೊಂಡಿತ್ತು. ಬೀಡಿಯಿಲ್ಲ, ಸಿಗರೇಟಿಲ್ಲ, ಮಜ್ಜಿಗೆಗಿಂತ ಗಟ್ಟಿಯಾದದ್ದನ್ನು ಬಾಯಿಗಿಟ್ಟವರಲ್ಲ. ಹೆಂಡತಿ ನರಸಮ್ಮ. ಒಬ್ಬಳೇ ಮಗಳು ತೇಜಸ್ವಿನಿ, ಖಾಸಗಿ ಶಾಲೆಯಲ್ಲಿ ಗಣಿತದ ಟೀಚರು.

ಮಾರ್ಚ್ ತಿಂಗಳ ಒಂದು ಭಾನುವಾರ ತೇಜಸ್ವಿನಿಯನ್ನು ನೋಡಲು ಕುಣಿಗಲ್ಲಿನಿಂದ ಗಂಡಿನವರು ಬಂದರು. ಹುಡುಗ ಚೈತನ್ಯ, ದನದ ಡಾಕ್ಟರು. ಅವನ ಅಪ್ಪ ಕರಿಸಿದ್ದಪ್ಪ, ಹುತ್ರಿದುರ್ಗದ ಕಡೆ ಹೊಲ ಇರುವವರು. ತಲೆ, ಮೀಸೆ, ಹುಬ್ಬು ಎಲ್ಲ ಒಂದೇ ಹದದ ಕಪ್ಪು. ತಾಯಿ ಗಂಗಲಕ್ಷ್ಮಮ್ಮ ಕಾರಿನಿಂದ ಇಳಿದು ಮೊದಲು ಬಂದರು. ಬಾಗಿಲಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೈಮುಗಿದು ನಿಂತಿದ್ದ ಭಾನುಪ್ರಕಾಶರನ್ನು ಕಂಡು ಅವರ ಕರುಳು ಕರಗಿತು.

"ಅಯ್ಯೋ, ಯಾಕ್ ತಾತ ಬಿಸಿಲಲ್ಲಿ ನಿಂತಿದೀರಾ? ಒಳಿಕ್ಕೋಗಿ ಕೂತ್ಕಳಿ. ಹುಡುಗಿ ಅಪ್ಪ ಎಲ್ಲವ್ರೆ?"

ಬೇರೆ ಯಾರಾದರೂ ಆಗಿದ್ದರೆ "ನಾನೇ" ಅನ್ನುತ್ತಿದ್ದರು. ಭಾನುಪ್ರಕಾಶ್ "ಒಳಗಿದಾರೆ" ಅಂದರು. ಅಂದಮೇಲೆ ಒಳಗೆ ಹೋಗಲೇಬೇಕಲ್ಲ, ಹೋದರು. ಕೋಣೆಯಲ್ಲಿ ಬಿಳಿ ಶರಟು ಬಿಚ್ಚಿ, ನೀಲಿ ಶರಟು ಹಾಕಿಕೊಂಡು, ಹುಡುಗಿಯ ಅಪ್ಪನಾಗಿ ಹೊರಗೆ ಬಂದರು. ಗಂಗಲಕ್ಷ್ಮಮ್ಮ ಅವರಿಗೆ ಕೈಮುಗಿದು, "ತಾತ ಒಳಗೋದ್ರು, ಪಾಪ, ಸುಸ್ತಾಗಿತ್ತೇನೋ" ಅಂದರು. ಕುರ್ಚಿ ಕೊಡಲು ಹೋಗಿದ್ದ ನಾನು ಇದನ್ನೆಲ್ಲ ಕಣ್ಣಾರೆ ಕಂಡೆ. ನಗಲಿಲ್ಲ. ಮನೆಗೆ ಬಂದ ಮೇಲೆ ನಕ್ಕೆ.

ಉಪ್ಪಿಟ್ಟು, ಕೇಸರಿಭಾತು, ಕಾಫಿ ಆಯಿತು. ಹುಡುಗ ಹುಡುಗಿ ಒಬ್ಬರಿಗೊಬ್ಬರು ಒಪ್ಪಿದರು. ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ ಅಂತ ಮಾತಾಯಿತು. "ಒಂದ್ಸಲ ವಿಚಾರಿಸ್ಕಂಡು ಹೇಳ್ತೀವಿ" ಅಂತ ಕರಿಸಿದ್ದಪ್ಪ ವಾಡಿಕೆಯ ಮಾತನ್ನೂ ಹೇಳಿ ಹೊರಟರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಭಾನುಪ್ರಕಾಶರೊಬ್ಬರು ಕನ್ನಡಿಯ ಮುಂದೆ ನಿಂತೇ ಇದ್ದರು.

ಮುಂದಿನದ್ದು ನಡೆಯುವಾಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಇಡೀ ಬೀದಿಗೆ ಹೇಳಿ ಅವರ ಮರ್ಯಾದೆ ಉಳಿಸುತ್ತಿದ್ದೆ. ಎಲ್ಲ ಮುಗಿದ ಮೇಲೆ ಅವರ ಬಾಯಿಂದಲೇ ಕೇಳಿದ್ದು.

ಆ ವಾರ ಬಸ್ಸಿನಲ್ಲಿ ಅವರ ಫೋನಿನೊಳಗೆ ಬಿಳಿ ಕೋಟು ಹಾಕಿದ ಹೆಂಗಸೊಬ್ಬಳು ಕಾಣಿಸಿಕೊಂಡಳು. ದ್ರಾಕ್ಷಿ ಬೀಜದ ಸಾರ ಸೇವಿಸಿದರೆ ಚರ್ಮದ ಸುಕ್ಕು ಹೋಗುತ್ತದೆ, ಬಿಸಿಲಿನ ಕಲೆ ಹೋಗುತ್ತದೆ, ರಕ್ತ ಸಲೀಸಾಗಿ ಓಡಾಡುತ್ತದೆ, ಕಾಲೂತ ಇಳಿಯುತ್ತದೆ, ಕೂದಲು ಉದುರುವುದು ನಿಲ್ಲುತ್ತದೆ, ಹೃದಯಕ್ಕೂ ಒಳ್ಳೆಯದು, ನೆನಪಿನ ಶಕ್ತಿಗೂ ಒಳ್ಳೆಯದು ಅಂತ ಒಂದೇ ಉಸಿರಿಗೆ ಹೇಳಿದಳು. ಒಂದು ಬೀಜ ಇಷ್ಟೆಲ್ಲ ಕೆಲಸ ಮಾಡುವುದಾದರೆ ಹಣ್ಣು ಏನು ಮಾಡುತ್ತಿದೆ ಅಂತ ಕೇಳುವವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಭಾನುಪ್ರಕಾಶ್ ಗುಬ್ಬಿ ತಲುಪುವಷ್ಟರಲ್ಲಿ ಅದನ್ನು ಹನ್ನೊಂದು ಸಲ ನೋಡಿದರು.

ಮೆಡಿಕಲ್ ಸ್ಟೋರಿನಲ್ಲಿ ಅದರ ಡಬ್ಬಿ ಇತ್ತು. ಬೆಲೆ ಕೇಳಿ ಅದನ್ನು ಎರಡೂ ಕೈಯಲ್ಲಿ ಜೋಪಾನವಾಗಿ ವಾಪಸ್ ಇಟ್ಟರು. ಆಗಲೇ ಅವರೊಳಗಿನ ಕಡಬದ ಮನುಷ್ಯ ಎದ್ದು ಕೂತ. ಕಡಬದವರಿಗೆ ಬೀಜ ಅಂದರೆ ಗಾಣ. ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಹೊಂಗೆ, ಯಾವುದನ್ನು ಹಾಕಿದರೂ ಗಾಣ ಎಣ್ಣೆ ಕೊಡುತ್ತದೆ. ದ್ರಾಕ್ಷಿ ಬೀಜ ಯಾವ ದೊಡ್ಡ ಮನುಷ್ಯ?

ಗುಬ್ಬಿ ಗೇಟಿನಲ್ಲಿ ಸರ್ದಾರ್ ಪಾಷಾ ಅವರ ಹಣ್ಣು ಮತ್ತು ಜ್ಯೂಸಿನ ಅಂಗಡಿ. ಭಾನುಪ್ರಕಾಶ್ ಅಲ್ಲಿ ಹೋಗಿ ನಿಂತರು.

"ಬನ್ನಿ ಸಾರ್. ಫಸ್ಟ್ ಕ್ಲಾಸ್ ದ್ರಾಕ್ಷಿ, ಸೀಡ್‌ಲೆಸ್. ಒಂದು ಬೀಜ ಸಿಕ್ಕಿದ್ರೂ ದುಡ್ಡು ವಾಪಸ್."

"ನಂಗೆ ಬೀಜ ಇರೋದು ಬೇಕು ಪಾಷಾ."

"ಬೀಜ ಇರೋದಾ?" ಪಾಷಾ ತಕ್ಕಡಿ ಕೆಳಗಿಟ್ಟರು. "ಇಪ್ಪತ್ತೆರಡು ವರ್ಷ ಆಯ್ತು ಸಾರ್ ಅಂಗಡಿ ಇಟ್ಟು. ಬೀಜ ಇದೆ ಅಂತ ಬೈದೋರನ್ನ ನೋಡಿದೀನಿ. ಬೀಜ ಇಲ್ಲ ಅಂತ ಬೈಯೋರು ನೀವೇ ಮೊದಲು."

ಕೊನೆಗೆ ಜ್ಯೂಸಿಗೆ ತಂದಿಟ್ಟಿದ್ದ ಕಪ್ಪು ದ್ರಾಕ್ಷಿ ಕೊಟ್ಟರು. ಭಾನುಪ್ರಕಾಶ್ ಎರಡು ಕಿಲೋ ತಿಂದು, ಉಗಿದು, ತೊಳೆದು, ಒಣಗಿಸಿ, ಕರ್ಚೀಫಿನಲ್ಲಿ ಕಟ್ಟಿಕೊಂಡು ಗುಬ್ಬಿಯ ಹೊನ್ನಯ್ಯನ ಗಾಣಕ್ಕೆ ಹೋದರು.

"ಎಷ್ಟು ಮೂಟೆ ಸಾರ್? ಆಟೋದಲ್ಲೈತಾ?" ಅಂದ ಹೊನ್ನಯ್ಯ.

ಭಾನುಪ್ರಕಾಶ್ ಜೇಬಿನಿಂದ ಕರ್ಚೀಫು ತೆಗೆದು ಗಂಟು ಬಿಚ್ಚಿದರು. ಹೊನ್ನಯ್ಯ ಬಗ್ಗಿ ನೋಡಿದ.

"ಇದೇನ್ ಸಾರ್, ಮೂಗುಬೊಟ್ಟಿನ ಹರಳಾ? ಇಷ್ಟನ್ನ ಹಾಕಿದ್ರೆ ಎಣ್ಣೆ ಬರೋದಿರ್ಲಿ, ಗಾಣಾನೇ ಇದನ್ನ ಕುಡ್ಕಂಬುಡ್ತದೆ. ಕಮ್ಮಿ ಅಂದ್ರೂ ಹದಿನೈದು ಕೆ.ಜಿ. ತನ್ನಿ. ಏನಕ್ಕಿದು?"

"ದನಕ್ಕೆ. ಔಷಧಿ" ಅಂದರು ಭಾನುಪ್ರಕಾಶ್. ಆ ದಿನದಿಂದ ಅವರು ಹೇಳಿದ ಸುಳ್ಳುಗಳಲ್ಲಿ ಇದೇ ಮೊದಲನೆಯದು.

ಹದಿನೈದು ಕಿಲೋ ಬೀಜ ತಿಂದು ಉಗಿಯಲು ಆಯುಸ್ಸು ಸಾಲದು. ಮತ್ತೆ ಪಾಷಾ ಅವರ ಹತ್ತಿರ ಹೋದರು. ದಿನಾ ಕಪ್ಪು ದ್ರಾಕ್ಷಿ ಜ್ಯೂಸು ಸೋಸಿದ ಮೇಲೆ ಉಳಿಯುವ ಚರಟ ತಮಗೇ ಬೇಕು, ಬಕೆಟ್ ತಾವೇ ತರುತ್ತೇವೆ, ಆದರೆ ಈ ವಿಚಾರ ಯಾರಿಗೂ ತಿಳಿಯಬಾರದು ಅಂದರು. ಪಾಷಾ ಎದೆಯ ಮೇಲೆ ಕೈಯಿಟ್ಟು, "ನನ್ನ ನಾಲಿಗೆ ಕುಯ್ದ್ರೂ ಹೇಳಲ್ಲ ಸಾರ್" ಅಂತ ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಪಾಷಾ. ಅದೇ ಮುಂದೆ ಕುತ್ತಿಗೆಗೆ ಬಂತು.

ಚರಟದಿಂದ ಬೀಜ ಬಿಡಿಸುವುದು ಸುಲಭವಲ್ಲ. ನೀರಿನಲ್ಲಿ ನೆನೆಹಾಕಿದರೆ ಬೀಜ ತಳಕ್ಕೆ ಇಳಿಯುತ್ತದೆ ಅಂತ ಭಾನುಪ್ರಕಾಶ್ ಲೆಕ್ಕ ಹಾಕಿದರು. ತಾರಸಿಯ ಮೇಲೆ ನಾಲ್ಕು ಪ್ಲಾಸ್ಟಿಕ್ ಡ್ರಮ್ಮು ಇಟ್ಟು, ಚರಟ ಸುರಿದು, ನೀರು ಹಾಕಿ, ಬಾಯಿಗೆ ನರಸಮ್ಮನವರ ಹಳೇ ಸೀರೆ ಕಟ್ಟಿದರು. "ಕಡಬದ ತೆಂಗಿನ ಸಸಿಗೆ ಗೊಬ್ಬರ, ಮುಟ್ಟಬೇಡ" ಅಂತ ಹೆಂಡತಿಗೆ ಹೇಳಿದರು. ಅದು ಎರಡನೆಯ ಸುಳ್ಳು. ದಿನಾ ಬೆಳಿಗ್ಗೆ ಸಿಕ್ಕಷ್ಟು ಬೀಜ ಅರೆದು, ನೀರಿನ ಟ್ಯಾಂಕಿನ ಹಿಂದೆ ನಿಂತು ಮುಖಕ್ಕೆ ಬಳಿದುಕೊಂಡು ಅರ್ಧ ಗಂಟೆ ಇದ್ದು ಕೆಳಗೆ ಬರುತ್ತಿದ್ದರು. ಎಣ್ಣೆ ಬರುವ ತನಕ ಸುಮ್ಮನಿರುವುದೇಕೆ ಅಂತ.

ಏಪ್ರಿಲ್ ಬಿಸಿಲಿನಲ್ಲಿ ನೆನೆಹಾಕಿದ ದ್ರಾಕ್ಷಿ ಏನಾಗುತ್ತದೆ ಅನ್ನುವುದು ಭಾನುಪ್ರಕಾಶರಿಗೆ ಗೊತ್ತಿರಲಿಲ್ಲ. ದಾಸಯ್ಯನವರಿಗೆ ಗೊತ್ತಿತ್ತು.

ದಾಸಯ್ಯ ನಮ್ಮ ಬೀದಿಯ ಕೊನೇ ಮನೆಯವರು, ನಿವೃತ್ತ ಅಬಕಾರಿ ಪೇದೆ. ಇಲಾಖೆ ಅವರನ್ನು ಎಂಟು ವರ್ಷದ ಹಿಂದೆ ನಿವೃತ್ತಿ ಮಾಡಿತ್ತು, ಮೂಗನ್ನು ಮಾಡಿರಲಿಲ್ಲ. ಒಂದು ಕಾಲದಲ್ಲಿ ಪೊದೆಯೊಳಗೆ ಹೂತಿಟ್ಟ ಮಡಕೆಯನ್ನು ಓಡುವ ಜೀಪಿನಲ್ಲಿ ಕೂತೇ ಹಿಡಿದವರು. ಒಂದು ಸಂಜೆ ವಾಕಿಂಗ್ ಹೋಗುತ್ತಿದ್ದವರು ನಮ್ಮ ಗೇಟಿನ ಮುಂದೆ ನಿಂತು ಕಣ್ಣು ಮುಚ್ಚಿದರು.

"ಅನಂತರಾಜು, ಗಾಳಿ ಯಾವ ಕಡೆಯಿಂದ ಬೀಸ್ತಾ ಇದೆ?"

"ಪಡುವಲಿಂದ."

"ಹಂಗಾದ್ರೆ ಭಾನುಪ್ರಕಾಶಂದೇ. ಐದನೇ ದಿನದ್ದು. ಇನ್ನೆರಡು ದಿನ ಬಿಟ್ರೆ ಭಟ್ಟಿ ಇಳಿಸ್ಬೋದು."

"ಛೆ ಛೆ, ಅವ್ರಾ? ನಮ್ಮ ಮನೆಯವಳಿಗೆ ನರಸಮ್ಮನೇ ಹೇಳಿದ್ರಂತೆ, ತೆಂಗಿನ ಸಸಿಗೆ ಗೊಬ್ಬರ ಅಂತ."

"ಗೊಬ್ಬರ ಅಂದೋರನ್ನ ನನ್ನ ಸರ್ವಿಸಲ್ಲಿ ಹನ್ನೊಂದು ಜನ ಹಿಡಿದಿದೀನಿ" ಅಂದರು ದಾಸಯ್ಯ. ಎಂಟು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ.

ಮಾರನೆಯ ದಿನ ಆ ತಾರಸಿಯಿಂದ ಹಾರಿದ ಕಾಗೆಯೊಂದು ನಮ್ಮ ಗೋಡೆಯ ಮೇಲೆ ಕೂರಲು ಹೋಗಿ, ಗೋಡೆಯ ಪಕ್ಕದ ಗಾಳಿಯಲ್ಲಿ ಕೂತು, ಕೆಳಗೆ ಬಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಡವಾಯಿತು. ಇನ್ನು ಭಾನುಪ್ರಕಾಶರ ಮುಖ. ಅರೆದ ಬೀಜ ಅವರಿಗೆ ಒಗ್ಗಿರಲಿಲ್ಲ. ಕಣ್ಣು ಕೆಂಡದಂತೆ ಕೆಂಪು, ರೆಪ್ಪೆ ಊತ, ಕೆನ್ನೆ ನೇರಳೆ ಬಣ್ಣ, ಮೈಯಿಂದ ಹುಳಿ ವಾಸನೆ. ಗುಬ್ಬಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇರತೊಡಗಿತು. ಜನ ತಮ್ಮನ್ನು ತಿರುತಿರುಗಿ ನೋಡುವುದನ್ನು ಕಂಡು ಅವರು ಬೀಜ ಕೆಲಸ ಮಾಡುತ್ತಿದೆ ಅಂದುಕೊಂಡರು.

ಹೀಗಿರುವಾಗ ಒಂದು ಬುಧವಾರ, ಬಿಳಿ ಪಂಚೆ ಬಿಳಿ ಶರಟಿನವರೊಬ್ಬರು ಛತ್ರಿ ಹಿಡಿದು ನಮ್ಮ ಬೀದಿಗೆ ಬಂದು, "ಇಲ್ಲೆಲ್ಲಾರ ಬಾಡಿಗೆ ಮನೆ ಐತಾ?" ಅಂತ ಕೇಳಿದರು. ನಮ್ಮ ಕಡೆ ಬಾಡಿಗೆ ಮನೆ ಕೇಳಿಕೊಂಡು ಬರುವವರು ಎರಡು ಬಗೆ. ನಿಜವಾಗಿ ಮನೆ ಬೇಕಾದವರು ಮೊದಲು ನೀರು ಬರುತ್ತಾ ಅಂತ ಕೇಳುತ್ತಾರೆ. ಸಂಬಂಧ ವಿಚಾರಿಸಲು ಬಂದವರು ಮೊದಲು ಅಕ್ಕಪಕ್ಕದವರು ಹೆಂಗೆ ಅಂತ ಕೇಳುತ್ತಾರೆ. ಇವರು ನೀರಿನ ಮಾತೇ ಎತ್ತಲಿಲ್ಲ. ಇವರು ಮುದ್ದಯ್ಯ, ಹುಡುಗ ಚೈತನ್ಯನ ಸೋದರಮಾವ ಅಂತ ಆಮೇಲೆ ತಿಳಿಯಿತು. ಗಂಡಿನ ಕಡೆಯವರು ಅಂತ ನನಗೆ ಆಗಲೇ ಗೊತ್ತಾಯಿತು. ನನಗೆ ಗೊತ್ತಾಯಿತು ಅಂತ ಅವರಿಗೂ ಗೊತ್ತಾಯಿತು. ಆದರೂ ಇಬ್ಬರೂ ಬಾಡಿಗೆ ಮನೆಯ ಮಾತನ್ನೇ ಆಡಿದೆವು. ಅದು ಮರ್ಯಾದೆ.

"ಈ ಪಕ್ಕದ ಮನೆಯೋರು ಹೆಂಗೆ?" ಅಂದರು.

"ಭಾನುಪ್ರಕಾಶಾ? ಬಂಗಾರದಂಥ ಮನುಷ್ಯ. ಮಗಳಂತೂ ಅಪ್ಪಟ ಚಿನ್ನ. ಆದ್ರೆ..."

"ಆದ್ರೆ?"

"ಏನಿಲ್ಲ, ಇತ್ತೀಚೆಗೆ ಸ್ವಲ್ಪ... ಬಿಡಿ, ನಮಗ್ಯಾಕೆ."

ನಾನು ಕಲ್ಲು ಹಾಕಲಿಲ್ಲ. ಕಲ್ಲು ಎಲ್ಲಿದೆ ಅಂತ ತೋರಿಸಿದೆ, ಅಷ್ಟೆ. ಒಂದು ಮದುವೆ ಮುರಿದ ಪಾಪ ತಲೆಗೆ ಬರಬಾರದು ಅನ್ನುವ ಒಂದೇ ಕಾಳಜಿಯಿಂದ ಅಷ್ಟಕ್ಕೇ ಬಾಯಿ ಮುಚ್ಚಿದೆ. ಪೂರ್ತಿ ಹೇಳಿದ್ದರೂ ಅಷ್ಟು ಕೆಡುತ್ತಿರಲಿಲ್ಲವೇನೋ.

ಮುದ್ದಯ್ಯ ದಾಸಯ್ಯನವರ ಹತ್ತಿರ ಹೋದರು. ದಾಸಯ್ಯ ಎದ್ದು ನಿಂತು, "ನಾನು ಸರ್ಕಾರಿ ಸೇವೇಲಿದ್ದೋನು. ಸುಳ್ಳು ಹೇಳಲ್ಲ. ಹಂಗಂತ ಒಂದು ಹೆಣ್ಣುಮಗು ಬಾಳಿಗೆ ಅಡ್ಡಾನೂ ಬರಲ್ಲ. ನಿಮಗೂ ಮೂಗೈತೆ, ನೀವೇ ನೋಡ್ಕಳಿ" ಅಂದರು. ಅಂದು ತಾರಸಿಯ ಕಡೆ ಗಲ್ಲ ತೋರಿಸಿದರು.

ಅಲ್ಲಿಂದ ಮುದ್ದಯ್ಯ ಪಾಷಾ ಅವರ ಅಂಗಡಿಗೆ ಹೋಗಿ ಒಂದು ಜ್ಯೂಸು ಕುಡಿದು ಮಾತು ತೆಗೆದರು. ಭಾನುಪ್ರಕಾಶರ ಹೆಸರು ಕೇಳಿದ್ದೇ ತಡ, ಪಾಷಾ ಎದೆಯ ಮೇಲೆ ಕೈ ಇಟ್ಟುಕೊಂಡರು.

"ತುಂಬ ಒಳ್ಳೆ ಮನುಷ್ಯ ಸಾರ್. ಆ ಒಂದು ವಿಚಾರ ಬಿಟ್ಟು ಬೇರೆ ಏನಾದ್ರೂ ಕೇಳಿ."

"ಯಾವ ವಿಚಾರ?"

"ಅದೇ ಹೇಳಲ್ಲ ಅಂದಿದ್ದು. ಮಾತು ಕೊಟ್ಟಿದೀನಿ. ನಾನೂ ಹೆಂಡತಿ ಮಕ್ಕಳಿರೋನು."

ಅಷ್ಟರಲ್ಲಿ ಗುಬ್ಬಿ ಬಸ್ಸಿಳಿದು ಭಾನುಪ್ರಕಾಶರೇ ಬಂದರು. ಕೆಂಪು ಕಣ್ಣು, ಊದಿದ ಮುಖ, ಕೈಯಲ್ಲಿ ಖಾಲಿ ಬಕೆಟ್. ರೆಪ್ಪೆ ಊದಿ ದಾರಿ ಸರಿಯಾಗಿ ಕಾಣದೆ ಅಂಗಡಿಯ ಮೆಟ್ಟಿಲು ಎಡವಿದರು. ಗಂಡಿನವರು ಕಳಿಸಿದ್ದ ಫೋಟೋದಲ್ಲಿ ನೋಡಿದ್ದ ಮುದ್ದಯ್ಯನವರನ್ನು ಗುರುತು ಹಿಡಿದು ಗಾಬರಿಯಾಗಿ ಬಕೆಟ್ಟನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. "ನಮಸ್ಕಾರ, ಮನೆಗೆ ಬನ್ನಿ" ಅಂದರು. ಮುದ್ದಯ್ಯ ಅರ್ಧ ಗ್ಲಾಸು ಜ್ಯೂಸು ಬಿಟ್ಟು ಕುಣಿಗಲ್ ಬಸ್ಸು ಹತ್ತಿದರು.

ಮರುದಿನ ಕರಿಸಿದ್ದಪ್ಪನವರ ಫೋನು. "ಈ ತಿಂಗಳು ಬ್ಯಾಡ ಬುಡಿ. ಒಸಿ ದಿನ ಹೋಗ್ಲಿ." ಇಷ್ಟೇ. ಈ ಮಾತಿನ ಅರ್ಥ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ದಿನ ಹೋಗುವುದಿಲ್ಲ, ಹುಡುಗ ಬೇರೆ ಕಡೆ ಹೋಗುತ್ತಾನೆ. ನರಸಮ್ಮ ದೇವರಾಯನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತರು. ಭಾನುಪ್ರಕಾಶ್ ಏನೂ ಅರ್ಥವಾಗದೆ, ತಮ್ಮ ಮುಖ ಇನ್ನೂ ಸಾಲದೆ ಹೀಗಾಯಿತು ಅಂದುಕೊಂಡು ಬೀಜದ ಲೇಪ ದಿನಕ್ಕೆ ಎರಡು ಸಲ ಮಾಡಿದರು.

ಅವತ್ತು ಮಧ್ಯಾಹ್ನ ಶಾಲೆಯಿಂದ ಬಂದ ತೇಜಸ್ವಿನಿ ಸೀದಾ ನಮ್ಮ ಮನೆಗೆ ಬಂದಳು. ಬ್ಯಾಗು ಹೆಗಲಲ್ಲೇ ಇತ್ತು.

"ಅಂಕಲ್, ಅಪ್ಪ ಕುಡೀತಾರಾ?"

ನಾನು ಪೇಪರು ಮಡಿಸಿದೆ. ಮತ್ತೆ ಬಿಚ್ಚಿದೆ.

"ಚೈತನ್ಯ ಫೋನ್ ಮಾಡಿದ್ರು. ಬೀದಿಯೋರೆಲ್ಲ ಹಂಗೇ ಅಂದ್ರಂತೆ, ಪಕ್ಕದ ಮನೆಯೋರೂ ಅಂದ್ರಂತೆ. ಅವರಪ್ಪ ಅಮ್ಮಂಗೆ ಸಂಬಂಧ ಬೇಡ ಆಗಿದೆ. ಅವರು ಮಾತ್ರ ಭಾನುವಾರ ಎಲ್ಲರನ್ನೂ ಕರ್ಕೊಂಡು ಬರ್ತೀನಿ, ಎದುರಿಗೇ ಕೇಳ್ಬಿಡೋಣ, ನಿಜ ಆಗಿದ್ರೆ ನಾನೂ ಏನೂ ಮಾಡಕ್ಕಾಗಲ್ಲ ಅಂದಿದಾರೆ." ಅವಳು ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಎಳೆದುಕೊಂಡಳು. "ನಂಗೆ ಅವರು ಇಷ್ಟ ಅಂಕಲ್."

ನಾನು "ಗೊತ್ತಿಲ್ಲಮ್ಮ" ಅಂದೆ. ಎತ್ತಿ ಆಡಿಸಿದ ಮಗು ಅದು. ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಆಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಕುಣಿಗಲ್ಲಿನವರು ಬಂದರು. ಕರಿಸಿದ್ದಪ್ಪ, ಗಂಗಲಕ್ಷ್ಮಮ್ಮ, ಮುದ್ದಯ್ಯ, ಚೈತನ್ಯ. ಕರೆಂಟು ಹೋಗಿತ್ತು. ಕುರ್ಚಿ ಸಾಲವೇನೋ ಅಂತ ನಾನೂ ಹೋದೆ. ದಾಸಯ್ಯ ಯಾರೂ ಕರೆಯದೆ ಪರಿಣತರಾಗಿ ಬಂದು ಬಾಗಿಲ ಹತ್ತಿರ ಕೂತರು. ಉಪ್ಪಿಟ್ಟಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಕರಿಸಿದ್ದಪ್ಪ ಶುರು ಮಾಡಿದರು. "ಬೀಗ್ರೇ ಅನ್ಬೇಕೋ ಬ್ಯಾಡ್ವೋ ಗೊತ್ತಾಯ್ತಾ ಇಲ್ಲ. ಸುತ್ತಿಬಳಸಿ ಕೇಳಲ್ಲ. ಮ್ಯಾಲೆ ಡ್ರಮ್ಮಲ್ಲಿ ಏನೈತೆ?"

"ಗೊಬ್ಬರ" ಅಂದರು ನರಸಮ್ಮ.

"ಹದಿನೈದನೇ ದಿನದ ಗೊಬ್ಬರ" ಅಂದರು ದಾಸಯ್ಯ.

"ನೀವೇಳಿ ಸ್ವಾಮಿ" ಅಂದರು ಕರಿಸಿದ್ದಪ್ಪ, ಭಾನುಪ್ರಕಾಶರ ಕಡೆ ತಿರುಗಿ. "ಕುಡಿಯಾಕೆ ಮಾಡ್ತಾ ಇದೀರಾ?"

ತೇಜಸ್ವಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಭಾನುಪ್ರಕಾಶರಿಗೆ ಆಗ ಎಲ್ಲ ಅರ್ಥವಾಗಿರಬೇಕು. ನಾನು ಗಂಡಸು, ಆ ಗಳಿಗೆಯಲ್ಲಿ ಅವರ ತಲೆಯೊಳಗೆ ಏನು ನಡೆಯಿತು ಅಂತ ಈಗ ಬಲ್ಲೆ. ಕುಡುಕ ಅನ್ನಿಸಿಕೊಂಡರೆ ಬೈಗುಳ ಬೀಳುತ್ತದೆ. ಸುಕ್ಕು ಹೋಗಲಿ ಅಂತ ಮುಖಕ್ಕೆ ಬಳಿದುಕೊಳ್ಳುವವನು ಅನ್ನಿಸಿಕೊಂಡರೆ ನಗು ಬೀಳುತ್ತದೆ. ಬೈಗುಳ ನಾಲ್ಕು ದಿನ ಇರುತ್ತದೆ, ನಗು ಸಾಯುವ ತನಕ.

"ಹೌದು" ಅಂದರು ಭಾನುಪ್ರಕಾಶ್. "ಕುಡಿಯೋಕೇ ಮಾಡಿದ್ದು."

ನರಸಮ್ಮ ನಿಂತಲ್ಲೇ ಕುಸಿದು ಕೂತರು. "ಮಜ್ಜಿಗೆ ಹುಳಿಯಾದ್ರೆ ಮುಟ್ಟಲ್ವಲ್ರೀ ನೀವು!" ದಾಸಯ್ಯ ತಮ್ಮ ತೊಡೆ ತಟ್ಟಿಕೊಂಡರು. ಮುದ್ದಯ್ಯ ಛತ್ರಿ ಕೈಗೆತ್ತಿಕೊಂಡು, "ಇನ್ನೇನ್ ಭಾವ, ಏಳನ" ಅಂದರು.

"ಒಂದ್ನಿಮಿಷ" ಅಂತ ಚೈತನ್ಯ ಎದ್ದು ಬಂದು ಭಾನುಪ್ರಕಾಶರ ರೆಪ್ಪೆ ಎಳೆದು ಕಣ್ಣು ನೋಡಿದ. ಗಲ್ಲ ಹಿಡಿದು ಕೆನ್ನೆ ಒತ್ತಿದ. ಬಾಯಿ ತೆರೆಸಿ ಮೂಸಿದ. "ಇದು ಕುಡಿದ ಮುಖ ಅಲ್ಲ, ಅಲರ್ಜಿ. ದನಕ್ಕಾಗಿದ್ರೆ ನಾನೇ ಇಂಜೆಕ್ಷನ್ ಹಾಕ್ತಿದ್ದೆ. ಮುಖಕ್ಕೇನು ಹಾಕೊಂಡಿದೀರಾ?"

"ಏನಿಲ್ಲ."

ಅಡುಗೆಮನೆ ಬಾಗಿಲಲ್ಲಿ ತೇಜಸ್ವಿನಿ ಇರಲಿಲ್ಲ. ತಾರಸಿಯ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಮೇಲೆ ಏನೋ ಉರುಳಿತು. ಅವಳು ಕೆಳಗೆ ಬಂದಾಗ ಮೊಣಕೈ ತನಕ ನೇರಳೆ ಬಣ್ಣ. ಒಂದು ಕೈಯಲ್ಲಿ ಸ್ಟೀಲಿನ ಬಟ್ಟಲು, ಇನ್ನೊಂದರಲ್ಲಿ ಕ್ಷೌರದ ಕನ್ನಡಿ.

"ಇವೆರಡೂ ಟ್ಯಾಂಕ್ ಹಿಂದೆ ಇತ್ತು" ಅಂದಳು. "ಕುಡಿಯೋರು ಲೋಟ ಇಟ್ಕೋತಾರೆ. ಕನ್ನಡಿ ಯಾಕೆ ಇಟ್ಕೋತಾರೆ? ಅಪ್ಪ ಇದನ್ನ ಮುಖಕ್ಕೆ ಹಚ್ಕೋತಾರೆ."

ಮೊದಲು ನಕ್ಕವರು ಕರಿಸಿದ್ದಪ್ಪ. "ಐವತ್ತು ದಾಟಿದ ಗಂಡಸು, ಮುಖಕ್ಕೆ, ಬಣ್ಣ" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಫ್ಯಾನಿಲ್ಲದ ಸೆಕೆ. ನಗುತ್ತಿದ್ದಂತೆ ಅವರ ಕಿವಿಯ ಪಕ್ಕದಿಂದ ಒಂದು ಕಪ್ಪು ಬೆವರಿನ ಹನಿ ಇಳಿದು ಬಿಳಿ ಕಾಲರಿನಲ್ಲಿ ಇಂಗಿತು. ಎಲ್ಲರೂ ನೋಡಿದೆವು, ಯಾರೂ ನೋಡದವರಂತೆ ಇದ್ದೆವು. ಅವರೂ ಕಾಲರು ಮುಟ್ಟಿ ನೋಡಿಕೊಂಡು, ನಗುವುದನ್ನು ಅಲ್ಲಿಗೇ ನಿಲ್ಲಿಸಿದರು.

"ಮಾತಲ್ಲೇಳಿದ್ರೆ ಆಗಲ್ಲ" ಅಂದರು ಮುದ್ದಯ್ಯ. "ಅದು ಹಚ್ಕಳೋದೇ ಆದ್ರೆ ಹಚ್ಚಿ ತೋರಿಸ್ಲಿ."

ಭಾನುಪ್ರಕಾಶ್ ಮಗಳ ಕೈಯಿಂದ ಬಟ್ಟಲು ತೆಗೆದುಕೊಂಡರು. ಎರಡು ಬೆರಳಲ್ಲಿ ಅದ್ದಿ ಹಣೆಗೆ, ಕೆನ್ನೆಗೆ, ಗಲ್ಲಕ್ಕೆ, ಕುತ್ತಿಗೆಗೆ ಬಳಿದುಕೊಂಡರು. ಇಪ್ಪತ್ತೆಂಟು ವರ್ಷ ಹಾಜರಿ ಪುಸ್ತಕದಲ್ಲಿ ಗೆರೆ ಎಳೆದವರು, ಒಂದು ಜಾಗ ಬಿಡಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ದ್ರಾಕ್ಷಿ ಬೀಜ" ಅಂದರು. "ಸುಕ್ಕು ಹೋಗ್ತದಂತೆ. ನಿಶ್ಚಿತಾರ್ಥಕ್ಕೆ ನಾಲ್ಕು ಜನ ಬರ್ತಾರೆ, ಫೋಟೋ ತೆಗೀತಾರೆ. ನನ್ ಮಗಳ ಪಕ್ಕ ನಿಂತ್ಕೊಂಡಾಗ ಯಾರೂ ನನ್ನನ್ನ ಹುಡುಗಿ ತಾತ ಅನ್ಬಾರ್ದು ಅಂತ. ಅವಳ ಅಪ್ಪ ಕಣ್ರೀ ನಾನು. ಅಷ್ಟೇ."

ಗಂಗಲಕ್ಷ್ಮಮ್ಮನವರಿಗೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಕೋಪವೂ ಬಂತು. "ಯಾವನಂದೋನು ಹಂಗೆ? ಮನ್ಸ ಅನ್ನೋನು ಆಡೋ ಮಾತಾ ಅದು? ಅವನ ನಾಲಿಗೆ ಸೇದೋಗ! ಹೆತ್ತಪ್ಪನ ಮುಖ ಗುರ್ತು ಹಿಡಿಯಕ್ಕಾಗ್ದಿರೋ ಕಣ್ಣು ಯಾತಕ್ಕೆ ಬಂತು? ಯಾರಂದಿದ್ದು, ಹೆಸ್ರೇಳಿ!"

ಭಾನುಪ್ರಕಾಶ್ ತಲೆ ತಗ್ಗಿಸಿದರು. "ನೀವೇ."

"ನಾನಾ?"

"ಹೆಣ್ಣು ನೋಡೋಕೆ ಬಂದ ದಿನ. ಬಾಗಿಲಲ್ಲಿ."

ಆಯಮ್ಮ ಬಾಯಿಗೆ ಸೆರಗು ಹಿಡಿದರು. ಗಂಡನ ಕಡೆ ನೋಡಿದರು, ಮಗನ ಕಡೆ ನೋಡಿದರು, ಕೊನೆಗೆ ನೆಲದ ಕಡೆ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದರು. "ಅವತ್ತು ನಾನು ಕನ್ನಡಕ ಹಾಕ್ಕಂಡಿರ್ಲಿಲ್ಲ ಕಣಪ್ಪ. ಹಾಕ್ಕಂಡ್ರೆ ಅಜ್ಜಿ ಕಂಡಂಗೆ ಕಾಣ್ತೀನಿ ಅಂತ ಕಾರಲ್ಲೇ ಬುಟ್ಟಿದ್ದೆ. ಬಾಗ್ಲಲ್ಲಿ ಏನೋ ಬೆಳ್ಳಗೆ ನಿಂತಿತ್ತು. ತಾತ ಇರ್ಬೇಕು ಅಂದ್ಕಂಡೆ."

ಕರಿಸಿದ್ದಪ್ಪ ಹೆಂಡತಿಯ ಕಡೆ ಪೂರ್ತಿ ತಿರುಗಿದರು. "ಹಂಗಾರೆ ಅವತ್ತು ನೀನು ಹುಡುಗೀನ ನೋಡ್ಲೇ ಇಲ್ವಾ?"

"ಹಸಿರು ಸೀರೆ ಕಾಣ್ತು. ಕಾಫಿ ಚೆನ್ನಾಗಿತ್ತು. ಒಪ್ಕಂಡೆ."

ದಾಸಯ್ಯ ಎದ್ದು ಹೊರಗೆ ಹೋಗಿ ಚಪ್ಪಲಿ ಹುಡುಕುವವರಂತೆ ನಿಂತರು. ಅವರ ಬೆನ್ನು ಅಲುಗುತ್ತಿತ್ತು.

ಗಂಗಲಕ್ಷ್ಮಮ್ಮ ಬ್ಯಾಗಿನ ತಳಕ್ಕೆ ಕೈ ಹಾಕಿ, ಕರ್ಚೀಫು, ಎಲೆಯಡಿಕೆ ಚೀಲ, ಬೀಗದ ಕೈ ಎಲ್ಲ ತೆಗೆದಿಟ್ಟು, ಕನ್ನಡಕ ಹೊರತೆಗೆದರು. ಸೆರಗಿನಿಂದ ಒರೆಸಿ ಮೂಗಿನ ಮೇಲೆ ಇಟ್ಟುಕೊಂಡರು. ನಿಜಕ್ಕೂ ಅಜ್ಜಿಯಂತೆ ಕಂಡರು. ಮುದ್ದಯ್ಯನ ಛತ್ರಿ ಇನ್ನೂ ಕೈಯಲ್ಲೇ ಇತ್ತು. ನರಸಮ್ಮ ಕಣ್ಣು ಮುಚ್ಚಿಕೊಂಡರು.

ಆಯಮ್ಮ ತೇಜಸ್ವಿನಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಹಳೇ ಚೂಡಿದಾರ, ಕೆದರಿದ ಕೂದಲು, ಅತ್ತು ಕೆಂಪಾದ ಮೂಗು, ದ್ರಾಕ್ಷಿ ಚರಟ ಮೆತ್ತಿದ ಕೈ. ನೋಡುತ್ತಲೇ ಇದ್ದರು.

"ಹುಡುಗಿ ಅವರಪ್ಪನ್ನ ಬುಟ್ಟುಕೊಡ್ಲಿಲ್ಲ" ಅಂದರು ಕೊನೆಗೆ. "ನಮ್ಮನ್ನೂ ಬುಟ್ಟುಕೊಡಲ್ಲ. ಮುದ್ದ, ಆ ಛತ್ರಿ ಕೆಳಗಿಡ್ಲಾ. ಬೀಗ್ರೇ, ಎದ್ದು ಮುಖ ತೊಳ್ಕಂಡ್ ಬನ್ನಿ, ಎಲೆಯಡಿಕೆ ಬದಲಾಯ್ಸನ."

ಭಾನುಪ್ರಕಾಶ್ ಬಚ್ಚಲಿಗೆ ಹೋಗಿ ಮೂರು ಸಲ ಸೋಪು ಹಾಕಿ ತೊಳೆದರು. ಬಣ್ಣ ಹೋಗಲಿಲ್ಲ. ಹಾಗೆಯೇ ಬಂದು ಚಾಪೆಯ ಮೇಲೆ ಕೂತರು. ತೇಜಸ್ವಿನಿ ಬಂದು ಪಕ್ಕದಲ್ಲಿ ಕೂತಳು. ಚೈತನ್ಯ ಫೋನು ತೆಗೆದು ಫೋಟೋ ಹಿಡಿದ. ಇವರಿಬ್ಬರು ಯಾರು ಅಂತ ಆ ಫೋಟೋ ನೋಡಿದ ಯಾರೂ ಇದುವರೆಗೆ ಕೇಳಿಲ್ಲ, ಯಾಕೆಂದರೆ ಅಪ್ಪನ ಮುಖದ ಮೇಲಿರುವ ಬಣ್ಣವೇ ಮಗಳ ಕೈಯ ಮೇಲೂ ಇದೆ.